ಓಣಿ ಸಾಹೇಬರ ಬಾಯಿ

ಎಲ್ಲ ತೊಂದರೆಗೂ ಮೂಲ ‘ಸರ್ವತೋಮುಖ’ ಎಂಬ ಒಂದು ಶಬ್ದ.

ದಾವಣಗೆರೆಯ ಹಗೇವಿನ ಓಣಿಯ ಜನ ತಾವೇ ಸಭೆ ಸೇರಿ, ತಮಗೆ ಬೇಕಾದದ್ದನ್ನು ತಮ್ಮದೇ ಮಾತಿನಲ್ಲಿ ಹೇಳಿ ಬರೆಸಿದ್ದು ಎಂದು ಏಕಾಂತಪ್ಪ ಕಳಿಸಿದ್ದ ಠರಾವಿನಲ್ಲಿ ‘ಓಣಿಯ ಸರ್ವತೋಮುಖ ಅಭ್ಯುದಯಕ್ಕಾಗಿ ಒಂದು ವಾಚನಾಲಯ’ ಎಂದಿತ್ತು. ಅದರ ಕೆಳಗೆ ನಲವತ್ತೊಂದು ಹೆಬ್ಬೆಟ್ಟಿನ ಗುರುತು, ಒಂದೇ ಒಂದು ಸಹಿ. ಹರಿಹರದ ಕಚೇರಿಯಲ್ಲಿ ವಿಶೇಷಾಧಿಕಾರಿ ವಾಮದೇವಪ್ಪನವರು ಅದನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು.

“ಇದ್ರಾಗೆ ಸರ್ವತೋಮುಖ ಅಂದೋರು ಯಾರು ಏಕಾಂತಪ್ಪ? ಈ ಹೆಬ್ಬೆಟ್ಟೋ, ಆ ಹೆಬ್ಬೆಟ್ಟೋ?”

ಆ ಶಬ್ದ ಏಕಾಂತಪ್ಪನದೇ ಆಗಿತ್ತು.

ಸರ್ಕಾರ ಆ ವರ್ಷ ಪ್ರಯೋಗಕ್ಕೆಂದು ಓಣಿ ಸುಧಾರಣೆಯ ಯೋಜನೆಯೊಂದನ್ನು ತಂದಿತ್ತು. ಓಣಿಗೆ ಒಂದೇ ಕೆಲಸ. ಅದು ಯಾವುದೆಂದು ಜನರೇ ಹೇಳಬೇಕು, ಹೇಳಿದ್ದನ್ನು ಸರ್ಕಾರ ಮಾಡಿಕೊಡಬೇಕು. ಜನರಿಂದ ಹೇಳಿಸುವುದಕ್ಕೆ ಏಕಾಂತಪ್ಪನನ್ನು ‘ಓಣಿ ಸಂಘಟಕ’ನಾಗಿ ನೇಮಿಸಿ, ಆ ಓಣಿಯಲ್ಲೇ ಬಾಡಿಗೆ ಮನೆ ಹಿಡಿಸಿದ್ದರು. ಆರು ತಿಂಗಳಾದರೂ ಓಣಿಯಲ್ಲಿ ಯಾರೂ ಏನೂ ಹೇಳಲಿಲ್ಲ. ಹೇಳಲು ಅವನು ಬಿಟ್ಟಿರಲಿಲ್ಲ. ಹೆಸರಿಗೆ ಏಕಾಂತಪ್ಪ, ಬಾಯಿ ಮಾತ್ರ ಸಂತೆ. ಗಿರಣಿಯ ಸಿಳ್ಳೆಯಾದರೂ ಕೂಗಿ ಕೆಲಹೊತ್ತು ಸುಮ್ಮನಾಗುತ್ತಿತ್ತು. ಸಹಕಾರದ ಬಗ್ಗೆ, ನೈರ್ಮಲ್ಯದ ಬಗ್ಗೆ, ಒಗ್ಗಟ್ಟಿನ ಬಗ್ಗೆ ಅವನು ಹದಿಮೂರು ಭಾಷಣ ಮಾಡಿದ್ದ. ಚರಂಡಿ ತೆಗೆಯುವ ಶ್ರಮದಾನಕ್ಕೆ ಎಲ್ಲರೂ ಬರಬೇಕೆಂದು ಸಾರಿ, ಸನಿಕೆ ಹಿಡಿದು ಕಾದ ದಿನ ಬಂದದ್ದು ಒಂದು ನಾಯಿ. ಅದೂ ಸ್ವಲ್ಪ ಹೊತ್ತು ಕೇಳಿ ಎದ್ದುಹೋಯಿತು.

ವಾಮದೇವಪ್ಪನವರು ಅವನನ್ನು ಕೊಂಡಜ್ಜಿಯಲ್ಲಿ ನಡೆಯುತ್ತಿದ್ದ ಮೂರು ದಿನದ ತರಬೇತಿಗೆ ಕಳಿಸಿದರು. ಸಂಘಟಕನು ಸುಮ್ಮನಿದ್ದಷ್ಟೂ ಜನ ಬಾಯಿ ಬಿಡುತ್ತಾರೆ, ಅವನು ಸುಮ್ಮನಿರುವುದು ಯಾಕೆಂದು ಮಾತ್ರ ಅವರಿಗೆ ತಿಳಿಯಬಾರದು ಎಂಬುದು ಅಲ್ಲಿನ ಪಾಠ. ಕೊನೆಯ ದಿನ ಸಾಹೇಬರೇ ಬಂದು ಅಪ್ಪಣೆ ಮಾಡಿದರು.

“ನಾಳೆ ಮಾರ್ಚ್ ಮೂವತ್ತೊಂದು. ಯೋಜನೆಗೆ ಕೊನೇ ದಿನ. ಸಂಜೆ ಐದಕ್ಕೆ ನಾನೇ ಬಂದು ಠರಾವು ಬರೀತೀನಿ. ಹೊತ್ತು ಹುಟ್ಟಿದಾಗಿಂದ ನಾನು ಬರೆದು ಮುಗಿಸೋತನಕ ನಿಮ್ಮ ಬಾಯಿಂದ ಒಂದು ಮಾತು ಬರಬಾರದು. ಬಂತೋ, ಓಣಿಗೂ ಕೆಲಸ ಇಲ್ಲ, ನಿಮಗೂ ಇಲ್ಲ.”

ಅಂದು ರಾತ್ರಿಯೇ ಓಣಿಗೆ ಮರಳಿ ಸಭೆಯ ಸುದ್ದಿ ಸಾರಿದ್ದ ಏಕಾಂತಪ್ಪ ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಜಗುಲಿಗೆ ಬಂದಾಗ ಎದುರುಮನೆಯ ಹುಸೇನ್ ಸಾಬರು ಹತ್ತಿ ಹಿಂಜುತ್ತಿದ್ದರು. ಗಾದಿ ಹೊಲಿಯುವ ಅವರ ಮೀಸೆಯಲ್ಲಿ ಯಾವಾಗಲೂ ಒಂದೆರಡು ಎಳೆ ಹತ್ತಿ ಇರುತ್ತಿತ್ತು. ಅವರು ನಮಸ್ಕಾರ ಹೇಳಿ, ಎಂದಿನಂತೆ ಕಾಲು ಗಂಟೆ ಕೇಳಿಸಿಕೊಳ್ಳುವುದಿದೆ ಎಂದು ಹಿಂಜುವ ಬಿಲ್ಲನ್ನು ಪಕ್ಕಕ್ಕಿಟ್ಟರು. ಏಕಾಂತಪ್ಪ ಕೈಮುಗಿದು ನಕ್ಕ. ಹುಸೇನ್ ಸಾಬರು ಕಾದರು. ಇನ್ನೂ ಕಾದರು. ಆಮೇಲೆ ನಿಂತುಹೋದ ಗಡಿಯಾರವನ್ನು ನೋಡುವಂತೆ ಅವನ ಮುಖ ನೋಡಿದರು.

“ಯಾಕ್ರೀ ಸಾಹೇಬ್ರೆ, ಹುಷಾರಿಲ್ಲೇನು?”

ಏಕಾಂತಪ್ಪ ಹುಷಾರಿದ್ದೇನೆ ಎಂದು ತಲೆಯಾಡಿಸಿದ. ಅದು ಇಲ್ಲ ಎಂದಂತೆಯೂ ಕಂಡಿತು.

ಎಂಟು ಗಂಟೆಗೆ ಅರ್ಧ ಓಣಿ ಅವನ ಅಂಗಳದಲ್ಲಿತ್ತು. ಅವನ ಹೆಂಡತಿ ಹಾಲಮ್ಮ ತಂಗಿಯ ಸೀಮಂತಕ್ಕೆಂದು ಮಲೆಬೆನ್ನೂರಿನ ತವರಿಗೆ ಹೋಗಿ ನಾಲ್ಕು ದಿನವಾಗಿತ್ತು. ಆಕೆ ಸಿಟ್ಟಿನಿಂದ ಹೋದಳೆಂದೂ, ಹೋಗುವಾಗ ಮಾತನ್ನೂ ತೆಗೆದುಕೊಂಡು ಹೋದಳೆಂದೂ ಕೆಲವರು ಅಂದರು. ಹುಸೇನ್ ಸಾಬರ ಹೆಂಡತಿ ಮಾಬೂಬೀ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಏಕಾಂತಪ್ಪ ಜೀವ ಹೋಗುವಂತೆ ಕೆಮ್ಮಿದ. ಕೆಮ್ಮು ಬರುತ್ತಿದೆ, ಮಾತು ಬರುತ್ತಿಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು.

ಬೇರೆ ದಾರಿ ಕಾಣದೆ ಅವನು ಒಂದು ಚೀಟಿಯಲ್ಲಿ ‘ನನಗೆ ಏನೂ ಆಗಿಲ್ಲ’ ಎಂದು ಬರೆದು ಮಾಳಿಂಗಪ್ಪನ ಕೈಗೆ ಕೊಟ್ಟ. ಮಾಳಿಂಗಪ್ಪ ಗಿರಣಿಯಲ್ಲಿ ಜಾಬರ್, ಕೂಲಿಗಳ ಮೇಸ್ತ್ರಿ. ಠರಾವಿನ ಕೆಳಗಿದ್ದ ಒಂದೇ ಸಹಿ ಅವನದು. ಚೀಟಿಯನ್ನು ಗಟ್ಟಿಯಾಗಿ ಓದಿ, ಮಡಚಿ, ನಿಧಾನವಾಗಿ ಅಂದ:

“ಏನೂ ಆಗದಿದ್ದೋರು ಇದನ್ನ ಬಾಯಾಗೆ ಹೇಳ್ತಾರೆ. ಬರ್ದು ಕೊಡಲ್ಲ.”

ಓಣಿ ಒಪ್ಪಿತು. ಆರು ತಿಂಗಳಲ್ಲಿ ಆ ಓಣಿ ಯಾವುದಾದರೂ ಒಂದು ವಿಷಯವನ್ನು ಒಪ್ಪಿದ್ದು ಅದೇ ಮೊದಲು.

ಕಿರುನಾಲಿಗೆ ಇಳಿದಿದೆ, ಹರಿಹರದ ಹೊಳೆದಂಡೆಯ ನಾಟಿ ವೈದ್ಯ ಜಂಬಯ್ಯನವರೇ ಆಗಬೇಕು ಎಂದು ತೀರ್ಮಾನವಾಯಿತು. ಹುಸೇನ್ ಸಾಬರು ಅಂಗಡಿಗೆ ಬೀಗ ಹಾಕಿದರು. ಮಾಳಿಂಗಪ್ಪ ಪಾಳಿ ತಪ್ಪಿಸಿದ. ನಡುವೆ ಏಕಾಂತಪ್ಪ, ಸುತ್ತ ಒಂಬತ್ತು ಜನ. ಮದುವೆಗೆ ಒಲ್ಲದ ಗಂಡನ್ನು ಕರೆದೊಯ್ಯುವಂತೆ ಅವನನ್ನು ಬಸ್ಸಿಗೆ ಹತ್ತಿಸಿದರು.

ಹರಿಹರದಲ್ಲಿ ಇಳಿದು ಹೊಳೆಯ ಕಡೆ ನಡೆಯುವ ದಾರಿಯಲ್ಲೇ ವಾಮದೇವಪ್ಪನವರ ಕಚೇರಿ. ಅವರು ಕಿಟಕಿಯಲ್ಲಿ ನಿಂತಿದ್ದರು. ಅವರಾದರೂ ಬಿಡಿಸಿಯಾರು ಎಂದು ಏಕಾಂತಪ್ಪ ಕಣ್ಣಲ್ಲೇ ಬೇಡಿಕೊಂಡ. ವಾಮದೇವಪ್ಪನವರು ತುಟಿಯ ಮೇಲೆ ಬೆರಳಿಟ್ಟು ಒಳಗೆ ಸರಿದರು. ಹುಸೇನ್ ಸಾಬರು ಅದನ್ನು ಕಂಡು ಮಾಳಿಂಗಪ್ಪನ ಕಡೆ ತಿರುಗಿದರು.

“ದೊಡ್ಡ ಸಾಹೇಬ್ರಿಗೂ ಬಾಯಿ ಬಿದ್ದೈತೆ ನೋಡಪ್ಪ. ಇದು ಆಫೀಸಿಂದ ಹತ್ತಿದ ರೋಗ.”

ಜಂಬಯ್ಯನವರು ಮೊದಲು ನೆತ್ತಿಯ ಮೇಲಿನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು, ಬಾವಿಯಿಂದ ಕೊಡ ಸೇದುವಂತೆ ಮೇಲಕ್ಕೆ ಜಗ್ಗಿದರು. ಆಮೇಲೆ ಮೆಣಸಿನ ಪುಡಿ ಮೆತ್ತಿದ ಹೆಬ್ಬೆರಳನ್ನು ಗಂಟಲಿನೊಳಗೆ ಇಳಿಸಿ ಕಿರುನಾಲಿಗೆಯನ್ನು ಒತ್ತಿದರು. ಏಕಾಂತಪ್ಪನ ಕಣ್ಣಲ್ಲಿ ತುಂಗಭದ್ರೆ ಹರಿದಳು, ಮಾತು ಹೊರಡಲಿಲ್ಲ. ವೈದ್ಯರು ಕೈ ತೊಳೆದುಕೊಂಡು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

“ಮಾತು ಒಳಗೇ ಐತೆ. ಬರ್ತೈತೆ. ಹೊತ್ತಲ್ಲದ ಹೊತ್ತಿಗೆ ಬರದಂಗೆ ನೋಡ್ಕಳ್ರಿ.”

ವಾಪಸು ಬರುವ ಬಸ್ಸಿನಲ್ಲಿ ಏಕಾಂತಪ್ಪನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಬಿಸಿಲಿನ ಝಳ ತಾಕದಿರಲೆಂದು ಹುಸೇನ್ ಸಾಬರು ತಮ್ಮ ಶಲ್ಯವನ್ನು ಅಡ್ಡ ಹಿಡಿದಿದ್ದರು. ಒಂಬತ್ತು ಜನ ಕೂಲಿ ಬಿಟ್ಟು, ಅಂಗಡಿ ಮುಚ್ಚಿ ಬಂದಿದ್ದರು. ಯಾರೂ ಅವರನ್ನು ಸಂಘಟಿಸಿರಲಿಲ್ಲ. ಹದಿಮೂರು ಭಾಷಣಗಳಲ್ಲಿ ಯಾವುದನ್ನು ಇವರಿಗೆ ಕಲಿಸಲು ಹೊರಟಿದ್ದನೋ ಅದು ಇವರಲ್ಲಿ ಮೊದಲೇ ಇತ್ತು. ತಾನು ಅದರ ಮೇಲೆ ಆರು ತಿಂಗಳು ಮಾತು ಸುರಿದು ಮುಚ್ಚಿಟ್ಟಿದ್ದೆ ಎಂದು ಅವನಿಗೆ ಅನ್ನಿಸಿತು. ಕಣ್ಣು ಮತ್ತೆ ತುಂಬಿತು. ಎಲ್ಲರೂ ಅದನ್ನು ಮೆಣಸಿನ ಲೆಕ್ಕಕ್ಕೆ ಹಾಕಿದ್ದು ಒಳ್ಳೆಯದೇ ಆಯಿತು.

ಮೂರು ಗಂಟೆಗೆ ಓಣಿಯ ಕೊನೆಯ ಮನೆಯ ಕರಿಯವ್ವ ಗಂಜಿ ತಂದಳು. ಓಣಿಗೆಲ್ಲ ಹಿರಿಯಳು. ಒಂದು ಕಡೆ ವಾಲಿ ನಡೆಯುತ್ತಿದ್ದಳು. ಗಂಟಲಿಗೆ ಹಿತವಾಗುತ್ತದೆ ಎಂದು ಗಂಜಿಯ ಬಟ್ಟಲು ಮುಂದಿಟ್ಟು ಹೊಸ್ತಿಲ ಬಳಿ ಕೂತಳು. ಏಕಾಂತಪ್ಪ ಕುಡಿದ. ಗೋಡೆಯ ಗಡಿಯಾರ ಟಿಕ್ಕೆನ್ನುತ್ತಿತ್ತು. ದೂರದಲ್ಲಿ ಗಿರಣಿ ಮೊರೆಯುತ್ತಿತ್ತು. ಆ ಮನೆಯಲ್ಲಿ ಇಬ್ಬರು ಅಷ್ಟು ಹೊತ್ತು ಮಾತಿಲ್ಲದೆ ಕೂತದ್ದು ಅದೇ ಮೊದಲಿರಬೇಕು. ಆ ಮೌನದಲ್ಲಿ ಕರಿಯವ್ವ ತಾನಾಗಿ ಬಾಯಿ ತೆರೆದಳು.

ನೀರಿನ ಮಾತು. ಈ ಓಣಿಗೆ ನಲ್ಲಿ ಇರಲಿಲ್ಲ. ಪಕ್ಕದ ಓಣಿಯ ನಲ್ಲಿಗೆ ಅವಳು ನಸುಕಿಗೇ ಹೋದರೂ ಅವಳ ಕೊಡ ತುಂಬುವುದು ಅಲ್ಲಿನವರೆಲ್ಲರ ಕೊಡ ತುಂಬಿದ ಮೇಲೆ. ಗಂಡ ಹಾಸಿಗೆ ಹಿಡಿದು ಎಂಟು ವರ್ಷವಾಗಿತ್ತು. ಅವನ ಮೈ ತೊಳೆಯಲು, ಬಟ್ಟೆ ಒಗೆಯಲು ನೀರು ಬೇಕು. ಹೋದ ತಿಂಗಳು ಚರಂಡಿಯ ಕಲ್ಲಿನ ಮೇಲೆ ಜಾರಿ ಬಿದ್ದಾಗಿನಿಂದ ಸೊಂಟ ಕೇಳುವುದಿಲ್ಲ. ಈಗ ಅರ್ಧ ಕೊಡ ಮಾತ್ರ ತರುತ್ತಾಳೆ.

“ಆರು ತಿಂಗಳಿಂದ ಹೇಳ್ಬೇಕಂತ ಬರ್ತಿದ್ದೆ ಸಾಹೇಬ್ರೆ. ನಿಮ್ಮ ಮಾತು ಮುಗೀಲಿ ಅಂತ ಕಾಯ್ತಿದ್ದೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು.

ವಾಚನಾಲಯ ಹಾಳಾಗಲಿ, ಇದೇ ಓಣಿಯ ಕೆಲಸ ಎಂದು ಏಕಾಂತಪ್ಪನಿಗೆ ಹೊಳೆಯಿತು. ಇದನ್ನು ಕರಿಯವ್ವನೇ ಹೇಳಬೇಕು. ಅವನು ಎದ್ದು, ತನ್ನ ಬಾಯಿಯನ್ನು ಬೆರಳಿನಿಂದ ತೋರಿಸಿದ. ಗಡಿಯಾರದ ಐದನ್ನು ತೋರಿಸಿದ. ಸಂಜೆ ಸಾಹೇಬರು ಕೂರುವ ಕುರ್ಚಿ ತೋರಿಸಿದ. ಕೊನೆಗೆ ಅವಳಿಗೆ ಕೈ ಮುಗಿದ. ಐದಕ್ಕೆ ಸಾಹೇಬರ ಮುಂದೆ ಬಾಯಿ ಬಿಟ್ಟು ಹೇಳವ್ವ, ನಿನ್ನ ದಮ್ಮಯ್ಯ ಎಂದು ಅದರ ಅರ್ಥ.

ಕರಿಯವ್ವನ ಕಣ್ಣು ಒದ್ದೆಯಾಯಿತು. “ಕೈ ಮುಗೀಬ್ಯಾಡ್ರಿ. ತಿಳೀತು. ನೀವು ಹೇಳಿದ್ದನ್ನೇ ಕೇಳ್ತೀನಿ.”

ಐದಕ್ಕೆ ಸರಿಯಾಗಿ ವಾಮದೇವಪ್ಪನವರು ಬಂದರು. ಹಿಂದಿನವರು ಜೋಳ ತುಂಬಿಡುತ್ತಿದ್ದ ಹಳೆಯ ಹಗೇವಿನ ಬಾಯಿಗೆ ಮುಚ್ಚಿದ್ದ ಕಲ್ಲುಚಪ್ಪಡಿಯ ಮೇಲೆ ಕುರ್ಚಿ ಹಾಕಿತ್ತು. ಇಡೀ ಓಣಿ ನೆರೆದಿತ್ತು. ಹಿಂದಿನ ಸಭೆಗಳಿಗೆ ಇದರ ಕಾಲು ಭಾಗವೂ ಬಂದಿರಲಿಲ್ಲ. ಏಕಾಂತಪ್ಪ ಒಂದು ಮೂಲೆಯಲ್ಲಿ ನಿಂತಿದ್ದ. ನಲ್ಲಿ ಎಲ್ಲಿ ಹಾಕಿಸಿದರೆ ಕರಿಯವ್ವನಿಗೆ ಹತ್ತಿರವಾಗುತ್ತದೆ ಎಂದು ಅವನ ಕಣ್ಣು ಆಗಲೇ ಜಾಗ ಹುಡುಕುತ್ತಿತ್ತು.

ವಾಮದೇವಪ್ಪನವರು ದಪ್ಪ ಪುಸ್ತಕ ತೆರೆದು ಈ ಓಣಿಗೆ ಏನು ಬೇಕು ಎಂದು ಕೇಳಿದರು. ಎಲ್ಲರೂ ಕರಿಯವ್ವನ ಕಡೆ ನೋಡಿದರು. ಅವಳು ಗೋಡೆ ಹಿಡಿದು ಎದ್ದುನಿಂತಳು.

“ನೀರಿಂದು ಹೇಳ್ಬೇಕಂತಿದ್ದೆ. ಅದು ಇರ್ಲಿ, ಇಷ್ಟು ವರ್ಷ ಹೊತ್ತೀನಿ, ಇನ್ನಷ್ಟು ದಿನ ಹೊರ್ತೀನಿ. ಈ ನಮ್ಮ ಓಣಿ ಸಾಹೇಬ್ರಿಗೆ ಮಾತು ಬರಂಗೆ ಮಾಡ್ರಿ. ನಮಗೆ ಇನ್ನೇನೂ ಬ್ಯಾಡ. ಮಧ್ಯಾಹ್ನ ಕೈ ಮುಗಿದು ಕೇಳ್ಕಂಡ್ರು ಪಾಪ.”

ಹೌದು, ಅದೇ ಆಗಬೇಕು ಎಂದು ಓಣಿ ಒಂದೇ ದನಿಯಲ್ಲಿ ಹೇಳಿತು. ಏಕಾಂತಪ್ಪ ಬಾಯಿ ತೆರೆದ, ಅಪ್ಪಣೆ ನೆನಪಾಗಿ ಮುಚ್ಚಿದ. ವಾಮದೇವಪ್ಪನವರಿಗೆ ವಿಷಯವೆಲ್ಲ ಗೊತ್ತಿತ್ತು. ಆದರೂ ಇಪ್ಪತ್ತು ಓಣಿ ತಿರುಗಿದ ಅವರ ಕಿವಿಗೆ ಇಷ್ಟು ಶುದ್ಧವಾದ ಜನರ ಮಾತು ಬಿದ್ದಿರಲಿಲ್ಲ. ಅದನ್ನು ತಿದ್ದುವ ಅಧಿಕಾರ ತಮಗಿಲ್ಲ ಎಂದು ಒಂದಕ್ಷರ ಬಿಡದೆ ಬರೆದುಕೊಂಡರು. ಹೆಬ್ಬೆಟ್ಟುಗಳು ಬಿದ್ದವು. ಮಾಳಿಂಗಪ್ಪ ಸಹಿ ಹಾಕಿದ. ಸಾಹೇಬರು ಅದರ ಮೇಲೆ ಹೀರುಕಾಗದ ಒತ್ತಿ ಪುಟ ತಿರುಗಿಸಲು ಕೈ ಇಟ್ಟರು.

ಬರೆದು ಮುಗಿಯಿತು. ಏಕಾಂತಪ್ಪ ಒಡೆದ ಕೆರೆಯಂತೆ ಮುಂದೆ ನುಗ್ಗಿದ.

“ಅವ್ವಾ, ನಲ್ಲಿ ಕೇಳವ್ವಾ. ನನಗೇನೂ ಆಗಿಲ್ಲ, ನಲ್ಲಿ ಕೇಳು.”

ಹುಸೇನ್ ಸಾಬರು ಅವನನ್ನು ತಬ್ಬಿಕೊಂಡರು. ಮಾಬೂಬೀ ಅವನ ಕೆನ್ನೆ ಸವರಿ ನೆಟಿಗೆ ಮುರಿದರು. ಕರಿಯವ್ವ ಅಳುತ್ತ ನಗುತ್ತಿದ್ದಳು. ಅವನು ಹೇಳಿದ್ದೇನು ಎಂಬುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅವನು ಹೇಳಿದ ಎಂಬುದೇ ಅವರಿಗೆ ಸಾಕಾಗಿತ್ತು.

ವಾಮದೇವಪ್ಪನವರು ಕೈಗಡಿಯಾರ ನೋಡಿ ಅದೇ ಪುಟದ ಅಂಚಿನಲ್ಲಿ ಬರೆದರು: ‘ಜನರ ಬೇಡಿಕೆ ಅದೇ ದಿನ ಸಂಜೆ ಐದು ನಲವತ್ತಕ್ಕೆ ಈಡೇರಿತು. ಈ ಓಣಿಯ ಕೆಲಸ ಮುಕ್ತಾಯ.’

ಏಕಾಂತಪ್ಪ ಬೇಡಿಕೊಂಡ. ಕರಿಯವ್ವನ ಕೊಡ, ಅವಳ ಸೊಂಟ, ಹಾಸಿಗೆ ಹಿಡಿದ ಗಂಡ ಎಲ್ಲವನ್ನೂ ಹೇಳಿದ. ತನ್ನ ಜೀವಮಾನದಲ್ಲಿ ಒಂದು ಶಬ್ದವೂ ಹೆಚ್ಚಿಲ್ಲದೆ ಅವನು ಮಾಡಿದ ಭಾಷಣ ಅದೊಂದೇ.

“ಇದು ನಿಮ್ಮ ಮಾತು. ಜನರ ಮಾತು ಮುಗೀತಲ್ಲ” ಎಂದು ಸಾಹೇಬರು ಪುಸ್ತಕ ಮುಚ್ಚಿದರು. ಆಮೇಲೆ ತಾವೂ ಸ್ವಲ್ಪ ನೊಂದವರಂತೆ ದನಿ ತಗ್ಗಿಸಿದರು. “ಆಗದಿರೋದನ್ನ ಜನ ಕೇಳಿದ್ರೆ ಎರಡನೇ ಬೇಡಿಕೆ ಬರ್ಕೋಬೇಕು ಅಂತ ನಿಯಮ ಐತೆ. ಬಾಯಿ ಕೊಡಿಸೋದು ನಮ್ಮ ಇಲಾಖೆ ಕೈಲಿ ಆಗೋದಲ್ಲ. ಇನ್ನೇನು ಬೇಕು ಅಂತ ಕೇಳೋಕೇ ಪುಟ ತಿರುಗಿಸ್ತಿದ್ದೆ. ಇನ್ನೊಂದು ಗಳಿಗೆ ಸುಮ್ಮನಿರಬಾರದಾಗಿತ್ತಾ ಏಕಾಂತಪ್ಪ?”

ಬೇಡಿಕೆ ಅದೇ ದಿನ ಈಡೇರಿದ ಓಣಿ ಇಡೀ ಜಿಲ್ಲೆಯಲ್ಲಿ ಇದೊಂದೇ ಎಂದು ವರದಿ ಹೋಯಿತು. ಮುಗಿದ ಓಣಿಯಲ್ಲಿ ಸಂಘಟಕನಿಗೆ ಕೆಲಸವಿಲ್ಲ. ಇದನ್ನೇ ಮಲೆಬೆನ್ನೂರಿನಲ್ಲಿ ಮಾಡಿ ತೋರಿಸಬೇಕೆಂದು ವಾರದೊಳಗೆ ವರ್ಗದ ಆಜ್ಞೆ ಬಂತು.

ಹೊರಡುವ ದಿನ ನಸುಕಿನಲ್ಲಿ ಏಕಾಂತಪ್ಪ ಹಾಸಿಗೆ ಸುರುಳಿ ಹಿಡಿದು ಓಣಿಯ ಬಾಯಿಗೆ ಬಂದ. ಎದುರಿಗೆ ಕರಿಯವ್ವ ಬರುತ್ತಿದ್ದಳು. ಸೊಂಟದ ಮೇಲಿನ ಕೊಡ ಅರ್ಧವಿರಲಿಲ್ಲ. ಕಂಠದವರೆಗೆ ತುಂಬಿತ್ತು. ಹೆಜ್ಜೆಗೊಮ್ಮೆ ತುಳುಕಿ ಅವಳ ಸೀರೆ ನೆನೆಯುತ್ತಿತ್ತು. ನಾಲ್ಕು ಮನೆ ದೂರದಲ್ಲೇ ನಿಂತು ಉಸಿರು ಹಿಡಿದು ಮತ್ತೆ ನಡೆದು ಬಂದಳು.

“ನೀವು ಹೊಂಟೀರಿ ಅಂದ್ರು. ತುಂಬಿದ ಕೊಡ ಎದುರು ಬಂದ್ರೆ ಒಳ್ಳೇದಾಗ್ತೈತೆ ಅಂತ ತುಂಬಿಸ್ಕಂಡು ಬಂದೆ.”

ಏಕಾಂತಪ್ಪ ಬಾಯಿ ತೆರೆದ. ಈಗ ಯಾರ ಅಪ್ಪಣೆಯೂ ಇರಲಿಲ್ಲ. ಆದರೂ ಗಂಟಲಿನಿಂದ ಏನೂ ಹೊರಡಲಿಲ್ಲ.

ಕರಿಯವ್ವ ಕೊಡವನ್ನು ಕೆಳಗಿಳಿಸಿ ಗಾಬರಿಯಿಂದ ಅವನ ಮುಖ ನೋಡಿದಳು.

“ಅಯ್ಯೋ ಶಿವನೆ, ಮತ್ತೆ ಹೋತೇನು? ಇರ್ರಿ, ಹುಸೇನ್ ಸಾಬ್ರನ್ನ ಎಬ್ಬಿಸ್ತೀನಿ.”