ದಿವಾಳಿ ಎದ್ದವನ ಇಸ್ತ್ರಿ ಅಂಗಿ

ಅನಗತ್ಯ ಖರ್ಚು ಮಾಡುವವರು ಯಾವಾಗಲೂ ಬೇರೆಯವರು. ನಾವು ಮಾಡುವುದೆಲ್ಲ ಅಗತ್ಯದ್ದೇ. ಬೆಳವಣಕಿಯ ನನ್ನ ಸೋದರಮಾವನಿಗೆ ನಶ್ಯ ಅಗತ್ಯವಾಗಿತ್ತು, ಅತ್ತೆಯ ಹೊಸ ಚಪ್ಪಲಿ ಅನಗತ್ಯವಾಗಿತ್ತು. "ಇದ್ದ ಚಪ್ಪಲಿಗೇ ಉಂಗುಟ ಹಾಕಿಸ್ಕೊ" ಎಂದು ಉಪದೇಶಿಸಿ, ದೊಡ್ಡದೊಂದು ಚಿಟಿಕೆ ಮೂಗಿಗೇರಿಸಿ, ಓಣಿಗೆಲ್ಲ ಕೇಳುವಂತೆ ಸೀನುತ್ತಿದ್ದ. ಇಂಥ ವ್ಯಾಜ್ಯಗಳು ಮನೆಯ ಹೊಸ್ತಿಲು ದಾಟುವುದಿಲ್ಲ. ರೋಣದ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನಗೆ ಮಾತ್ರ ಒಮ್ಮೆ ಅಂಥದ್ದೊಂದನ್ನು ನ್ಯಾಯಾಧೀಶರ ಎದುರೇ ನಿಂತು ಇತ್ಯರ್ಥ ಮಾಡಿಸುವ ಯೋಗ ಬಂತು. ಆ ಪ್ರಕರಣದ ಬಗ್ಗೆ ನನಗೆ ಹೆಮ್ಮೆಯಿದೆ. ಎಷ್ಟು ಹೆಮ್ಮೆಯೆಂದರೆ, ನಾನು ಬಾಯಿ ತೆರೆದ ಕೂಡಲೇ ವಕೀಲರ ಕೋಣೆಯಲ್ಲಿ ಕೆಲವರಿಗೆ ಚಹಾ ಕುಡಿಯುವ ನೆನಪಾಗುತ್ತದೆ.

ಎಸ್‌ಟಿಡಿ ಬೂತುಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡು, ಎಲ್ಲರ ಅಂಗಿಯ ಜೇಬಿನಲ್ಲೂ ಮೊಬೈಲು ಇಣುಕಲು ಶುರುವಾಗಿದ್ದ ಕಾಲ. ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆಗಳ ವ್ಯಾಪಾರ ಮಾಡುತ್ತಿದ್ದ ಖಾದರಸಾಬರು ಒಂದು ದಿನ ನನ್ನ ಆಫೀಸಿಗೆ ಬಂದರು. ಬಿಳಿ ಅಂಗಿ, ಬಿಳಿ ಪೈಜಾಮ, ಬೆರಳು ತಾಗಿದರೆ ಕೊಯ್ದೀತೆನ್ನುವಂಥ ಇಸ್ತ್ರಿ, ಹಿಂದೆಯೇ ಅತ್ತರಿನ ಪರಿಮಳ. ಯಾರೋ ದೊಡ್ಡ ಆಸ್ತಿಯ ಪಾರ್ಟಿ ಬಂತೆಂದು ನಾನು ಎದ್ದು ಕುರ್ಚಿ ಒರೆಸಿದೆ. ಅವರು ಕುಳಿತು, ಮದುವೆಯ ಸುದ್ದಿ ಹೇಳುವಂತೆ, "ವಕೀಲ್ರ, ದಿವಾಳಿ ಎದ್ದೇನ್ರಿ. ಕಾಗದ ಮಾಡ್ಬೇಕು" ಎಂದರು.

ಆಗಿದ್ದು ಇಷ್ಟು. ಮಗ್ಗದ ಸೀರೆಯ ಹಾಗೇ ಕಾಣುವ ಅಗ್ಗದ ಮಿಲ್ಲಿನ ಸೀರೆ ಪೇಟೆಗೆ ಬಂದು, ಇವರ ಸೀರೆಗಳು ಕಪಾಟಿನಲ್ಲೇ ಮುದಿಯಾದವು. ನರಗುಂದದ ನೂಲಿನ ವ್ಯಾಪಾರಿ ಶಿವಲಿಂಗಪ್ಪನವರಿಗೂ ಇನ್ನು ಕೆಲವರಿಗೂ ಕೊಡಬೇಕಾದ ಬಾಕಿ ಬೆಳೆಯಿತು. ಅಂಗಡಿ, ದಾಸ್ತಾನು ಎಲ್ಲ ಮಾರಿದರೂ ತೀರಲಿಲ್ಲ. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಮಂದಿ ಗೋವಾ ಬಸ್ಸು ಹತ್ತುತ್ತಾರೆ, ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಖಾದರಸಾಬರು ಒಬ್ಬೊಬ್ಬರ ಮನೆಗೂ ತಾವೇ ಹೋಗಿ "ಮುಳುಗೇನಿ" ಎಂದು ಹೇಳಿ, ಇನ್ನೊಬ್ಬರ ಬಟ್ಟೆ ಅಂಗಡಿಯಲ್ಲಿ ಪಗಾರಕ್ಕೆ ನಿಂತಿದ್ದರು. ಆ ಪಗಾರದಲ್ಲಿ ಸಂಸಾರಕ್ಕೆ ಬೇಕೇಬೇಕಾದ ಖರ್ಚನ್ನು ಕಳೆದು, ಉಳಿದದ್ದನ್ನು ಸಾಲ ಕೊಟ್ಟವರಿಗೆ ಪ್ರತಿ ತಿಂಗಳೂ ಹಂಚಬೇಕು. ಬೇಕೇಬೇಕಾದದ್ದು ಯಾವುದು ಎಂದು ಹೇಳುವವರು ನ್ಯಾಯಾಧೀಶ ಸಾಹೇಬರು.

ಕಕ್ಷಿದಾರರು ಖರ್ಚನ್ನು ಉಬ್ಬಿಸುವುದು, ವಕೀಲನಾದವನು ಕಂಡೂ ಕಾಣದಂತೆ ಇರುವುದು ಲೋಕರೂಢಿ. ಖಾದರಸಾಬರೂ ಉಬ್ಬಿಸಿದರು. ಆದರೆ ಹಣ ಉಳಿಸಿಕೊಳ್ಳಲಿಕ್ಕಲ್ಲ, ಮಾನಕ್ಕೆ. ಅರ್ಜಿಯ ಖರ್ಚಿನ ಪಟ್ಟಿಯಲ್ಲಿ ಜೋಳ, ಅಕ್ಕಿ, ಎಣ್ಣೆ ಬರೆದ ಮೇಲೆ "ತುಪ್ಪಾ ಬರೀರಿ" ಎಂದರು. ಜೊತೆಗೆ ಬಂದಿದ್ದ ಅವರ ಹೆಂಡತಿ ಜೈತುನಬಿ ಸೆರಗಿನೊಳಗಿಂದಲೇ, "ತುಪ್ಪಾ ಯಾವಾಗ ತಂದೀರಿ? ಡಬ್ಬಿ ತಳಾ ಕಂಡು ವರ್ಷ ಆತು" ಎಂದರು.

"ಸುಮ್ಕಿರ. ನಾಳೆ ಕೋರ್ಟಿನ್ಯಾಗ ಓದ್ತಾರ. ಖಾದರಸಾಬನ ಮನ್ಯಾಗ ಒಣಾ ರೊಟ್ಟಿ ತಿಂತಾರಂತ ಊರ ಮಂದೀಗೆ ಗೊತ್ತಾಗಬೇಕೇನು?"

"ಊರ ಮಂದೀಗೆ ಗೊತ್ತಿಲ್ಲೇನ್ರಿ? ನಿಮಗ ಒಬ್ಬರಿಗೇ ಗೊತ್ತಿಲ್ಲ."

ದಿವಾಳಿಯಾಗಬೇಕಾದರೆ ಬಡವನೆಂದು ತೋರಿಸಬೇಕು, ಬಡತನ ಮಾತ್ರ ಯಾರಿಗೂ ಕಾಣಬಾರದು. ಇಂಥ ಕಕ್ಷಿದಾರನನ್ನು ಕಟ್ಟಿಕೊಂಡು ನಾನು ಬೆವತೆ. ನಾನು ತುಪ್ಪ ಹೊಡೆದು ಹಾಕಿದರೆ ಅವರು ಕೇಸರಿ ಸೇರಿಸುತ್ತಿದ್ದರು. ಕೊನೆಗೆ ಜೈತುನಬಿಯೇ ನಡುವೆ ಕುಳಿತು ರಾಜಿ ಮಾಡಿಸಿದರು: ತುಪ್ಪ, ಕೇಸರಿ, ಅತ್ತರು ಹೋದವು. ಒಂದರ ಮೇಲೆ ಮಾತ್ರ ಖಾದರಸಾಬರು ಅಂಗೈ ಊರಿ ಕುಳಿತರು. ಇಸ್ತ್ರಿ. "ಇದನ್ನ ತಗದ್ರ ಅರ್ಜಿನೂ ಬ್ಯಾಡ, ನೀವೂ ಬ್ಯಾಡ" ಎಂದರು. ಆಶ್ಚರ್ಯವೆಂದರೆ, ಜೈತುನಬಿಯೂ ಅದಕ್ಕೆ ಹೂಂ ಎಂದರು.

ವಿಚಾರಣೆಯ ದಿನ ಶಿವಲಿಂಗಪ್ಪನವರು ಮುಂದಿನ ಬೆಂಚಿನಲ್ಲೇ ಕುಳಿತಿದ್ದರು. ಅವರ ವಕೀಲರು ನಮ್ಮ ಖರ್ಚನ್ನು ಜೋಳದಿಂದ ಓದುತ್ತ ಬಂದು ಇಸ್ತ್ರಿಯಲ್ಲಿ ನಿಂತರು. ಕಟಕಟೆಯಲ್ಲಿದ್ದ ಖಾದರಸಾಬರನ್ನು ಅಡಿಯಿಂದ ಮುಡಿಯತನಕ ನೋಡಿ, ಸಾಹೇಬರ ಕಡೆ ತಿರುಗಿ, "ಸ್ವಾಮಿ, ಇವರು ದಿವಾಳಿ ಎದ್ದವರೋ, ಬೀಗರೂಟಕ್ಕೆ ಬಂದವರೋ?" ಎಂದರು. ಕೋರ್ಟು ನಕ್ಕಿತು. ಆಮೇಲೆ ಖಾದರಸಾಬರಿಗೆ, "ನನ್ನ ಪಾರ್ಟಿ ರೊಕ್ಕಾ ಮುಳುಗಿಸಿ ಕೂತೀರಿ. ಇಸ್ತ್ರಿ ಇಲ್ಲದ ಅಂಗಿ ಮೈಗೆ ಚುಚ್ಚತೈತೇನ್ರಿ?" ಎಂದು ಕೇಳಿದರು.

ನಾನು ಆಕ್ಷೇಪಣೆಗೆ ಎದ್ದೆ. ಏನು ಆಕ್ಷೇಪಿಸಬೇಕೆಂದು ಹೊಳೆಯದೆ ನಿಂತೆ. ಖಾದರಸಾಬರ ಮುಖ ಕೆಂಪಾಗಿತ್ತು. ಇನ್ನೇನು ಇಳಿದು ಹೊರಟೇಬಿಡುತ್ತಾರೆ ಎಂದು ನನಗೆ ಭಯ. ಆದರೆ ಅವರು ಅಂಗಿಯ ತೋಳು ನೇರ ಮಾಡಿಕೊಂಡು ಹೇಳಿದರು:

"ದಿವಾಳಿ ಎದ್ದಿದ್ದು ಅಂಗಡಿರೀ, ನಾನಲ್ಲ. ನಾ ಇನ್ನೂ ದುಡೀತೀನಿ. ಬಟ್ಟಿ ಅಂಗಡ್ಯಾಗ ನಿಂತು ಹೆಣ್ಮಕ್ಕಳ ಮುಂದ ಸೀರಿ ಬಿಚ್ಚಿ ಹಾಸ್ತೀನಿ. ಮುದುಡಿದ ಅಂಗಿ ಹಾಕ್ಕೊಂಡವನ ಕೈಯಾಗಿನ ಬಟ್ಟಿ ಯಾರ ತಗೋತಾರ್ರೀ? ನಾಳೆ ಮಾಲಕರು ಬ್ಯಾಡಂದ್ರ ನನ್ನ ಪಗಾರ ಹೋತು, ಶಿವಲಿಂಗಪ್ಪಣ್ಣಗ ಕೊಡೋದೂ ಹೋತು. ನನ್ನ ಊಟದಾಗ ಇನ್ನೂ ಏನರ ಕಡಿಮಿ ಮಾಡ್ರಿ, ಒಲ್ಲೆ ಅನ್ನಂಗಿಲ್ಲ. ಹೊಟ್ಟಿ ಒಳಗಿರತೈತಿ, ಯಾರಿಗೂ ಕಾಣಂಗಿಲ್ಲ. ಅಂಗಿ ಕಾಣತೈತ್ರಿ."

ಎದುರು ವಕೀಲರು ಇನ್ನೊಂದು ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಶಿವಲಿಂಗಪ್ಪನವರೇ ಎದ್ದು ನಿಂತು ಕೈ ಮುಗಿದರು. "ಸಾಹೇಬ್ರ, ಮುಳುಗಿದ ಮಂದಿ ಭಾಳ ನೋಡೇನ್ರಿ. ಮನಿಗೆ ಬಂದು ಹೇಳಿ ಮುಳುಗಿದವ ಇವನೊಬ್ಬ. ಇಸ್ತ್ರಿ ಇರಲಿ ಬಿಡ್ರಿ." ಅವರ ವಕೀಲರು ಅಂಗಿ ಹಿಡಿದು ಜಗ್ಗಿದರೂ ಅವರು ಮಾತು ಮುಗಿಸಿಯೇ ಕುಳಿತದ್ದು.

ಸಾಹೇಬರು ಇಸ್ತ್ರಿಯನ್ನು ಅಗತ್ಯ ಖರ್ಚೆಂದು ಒಪ್ಪಿದರು. ಖಾದರಸಾಬರು ತಿಂಗಳು ತಪ್ಪದೆ ದುಡ್ಡು ಕಟ್ಟಿದರು. ಕಾನೂನಿನ ಪ್ರಕಾರ ಋಣ ಹರಿದ ಮೇಲೂ ನರಗುಂದಕ್ಕೆ ಹೋಗಿ ಶಿವಲಿಂಗಪ್ಪನವರ ಉಳಿದ ಬಾಕಿ ಮುಟ್ಟಿಸಿ ಬರುತ್ತಿದ್ದರು. "ಕೋರ್ಟು ಬಿಟ್ಟೈತಿ ಖರೇ, ನಾ ಎಲ್ಲಿ ಬಿಟ್ಟೇನಿ?" ಎನ್ನುತ್ತಿದ್ದರಂತೆ. ಈಗ ಅದೇ ಬಟ್ಟೆ ಅಂಗಡಿಯಲ್ಲಿ ಅವರು ಪಾಲುದಾರರು. ಜೈತುನಬಿಯ ಡಬ್ಬಿಯಲ್ಲಿ ತುಪ್ಪ ಇದೆ. ನಾನು ತಿಂದು ನೋಡಿಯೇ ಹೇಳುತ್ತಿದ್ದೇನೆ.

ಕಿರಿಯ ವಕೀಲರಿಗೆ ನಾನು ಈ ಕಥೆಯನ್ನು "ನಾನು ಇಸ್ತ್ರಿಯ ಮೇಲೆ ವಾದ ಮಾಡಿ ಗೆದ್ದೆ" ಎಂದು ಹೇಳುವ ರೂಢಿ. ಸಾಹೇಬರು ಆದೇಶ ಹೇಳಿ ಮುಗಿಸಿ ಆಡಿದ ಇನ್ನೊಂದು ಮಾತನ್ನು ಮಾತ್ರ ಅವರಿಗೆ ಹೇಳುವುದಿಲ್ಲ. ಸಾಹೇಬರು ಕನ್ನಡಕ ಮೂಗಿನ ತುದಿಗೆ ಇಳಿಸಿ, ಬಸ್ಸಿನ ನೂಕುನುಗ್ಗಲಿನಲ್ಲಿ ಹಿಂಡಿ ತೆಗೆದಂತಿದ್ದ ನನ್ನ ಕರಿ ಕೋಟನ್ನು ನೋಡಿ, "ವಕೀಲರೇ, ನಿಮ್ಮ ಕಕ್ಷಿದಾರರು ಹೇಳಿದ್ದನ್ನು ನೀವೂ ಕೇಳಿಸಿಕೊಂಡಿರಿ ತಾನೆ?" ಎಂದಿದ್ದರು. ಕೋರ್ಟು ಮತ್ತೆ ನಕ್ಕಿತು. ಈ ಸಲ ಶಿವಲಿಂಗಪ್ಪನವರೂ ನಕ್ಕರು. ಹೊರಗೆ ಬಂದಾಗ ನನ್ನ ಸಪ್ಪೆ ಮುಖ ಕಂಡು ಖಾದರಸಾಬರು ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿದರು:

"ಮನಸಿಗೆ ಹಚ್ಕೋಬ್ಯಾಡ್ರಿ ವಕೀಲ್ರ. ಪುಣ್ಯಾಕ್ಕ ಸಾಹೇಬ್ರು ಮೊದಲ ನನ್ನ ಅಂಗಿ ನೋಡಿದ್ರು. ನಿಮ್ಮ ಕೋಟು ನೋಡಿದ್ರ ಕೇಸ ಹೋಗತಿತ್ತು."