ಹದಿನೇಳರ ಮಗ್ಗಿಯ ಹಕ್ಕುದಾರರು

ಬೆಳಿಗ್ಗೆ ಅಂಗಡಿ ತೆಗೆದು, ಗೋಂದಿನ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕುವ ಮೊದಲು ಅಂಟಣ್ಣ ಮಾಡುತ್ತಿದ್ದ ಕೆಲಸ ಒಂದೇ. ಮೊಬೈಲಿನಲ್ಲಿ 'ಹದಿನೇಳರ ಮಗ್ಗಿ ಟೀಚರ್' ಎಂದು ಹುಡುಕುವುದು. ಮೊದಲನೇ ಸಾಲಿನಲ್ಲೇ ಹೆಂಡತಿ ಸಿಗುತ್ತಿದ್ದಳು.

ಅವತ್ತು ಸಿಗಲಿಲ್ಲ.

ಬೆರಳಿಗೆ ಅಂಟಿದ ಗೋಂದಿನಿಂದ ಅಕ್ಷರ ತಪ್ಪು ಒತ್ತಿರಬೇಕೆಂದು ಅವನು ಕೈ ತೊಳೆದುಕೊಂಡು ಬಂದು ಮತ್ತೆ ಹುಡುಕಿದ. ಮೂವತ್ತು ವರ್ಷದಿಂದ ಪುಸ್ತಕಗಳಿಗೆ ರಟ್ಟು ಕಟ್ಟಿ, ಹೊಲಿದು, ಅಂಟಿಸಿ, ಗೋಂದು ಅವನ ಬೆರಳಿಗೆ ಎರಡನೇ ಚರ್ಮವಾಗಿತ್ತು. ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಕೈ ಒರೆಸಿಕೊಂಡು ಮೂರನೇ ಸಲ ನೋಡಿದಾಗ ಕೆಳಗಡೆ ಇರುವೆ ಸಾಲಿನಂಥ ಸಣ್ಣ ಅಕ್ಷರ ಕಂಡಿತು: 'ಕೃತಿಸ್ವಾಮ್ಯದ ದೂರಿನ ಮೇರೆಗೆ ಒಂದು ಫಲಿತಾಂಶವನ್ನು ತೆಗೆಯಲಾಗಿದೆ.'

ಹೆಂಡತಿ ಲೆಕ್ಕದ ಟೀಚರಾಗಿದ್ದಳು. ಹದಿನೇಳರ ಮಗ್ಗಿ ಬಂತೆಂದರೆ ಮಕ್ಕಳಿಗೆಲ್ಲ ಒಟ್ಟಿಗೇ ಹೊಟ್ಟೆನೋವು ಬರುತ್ತಿದ್ದುದರಿಂದ, ತಾನೇ ನಡುನಡುವೆ ಮಾತು ಸೇರಿಸಿ, ರಾಗ ಹಾಕಿ, ಅದನ್ನೊಂದು ಹಾಡು ಮಾಡಿದ್ದಳು. ಯಾವುದೋ ಮಗುವಿನ ತಾಯಿ ತರಗತಿಯಲ್ಲಿ ಅದರ ವಿಡಿಯೊ ಮಾಡಿ ಅಂತರ್ಜಾಲಕ್ಕೆ ಹಾಕಿದ್ದರು. ಎರಡು ವರ್ಷದ ಹಿಂದೆ ಎಂಟೇ ದಿನದ ಜ್ವರದಲ್ಲಿ ಅವಳು ಹೋದಳು. ಮನೆಯಲ್ಲಿ ಅವಳ ಫೋಟೊ ಇತ್ತು, ಸೀರೆಗಳಿದ್ದವು. ದನಿ ಮಾತ್ರ ಈ ಮೂರು ನಿಮಿಷದ ಮಗ್ಗಿಯಲ್ಲಿತ್ತು. ಅದು ಮುಗಿದ ಮೇಲೆಯೇ ಅಂಟಣ್ಣ ಸೂಜಿಗೆ ದಾರ ಪೋಣಿಸುತ್ತಿದ್ದ.

ಪಕ್ಕದ ಮೊಬೈಲ್ ರಿಪೇರಿಯವನಿಗೆ ತೋರಿಸಿದ. ಅವನು ಕಾಗುಣಿತ ಬದಲಿಸಿ ಬದಲಿಸಿ ಹುಡುಕಿದ. ಹದಿನಾರರ ಮಗ್ಗಿ ಬಂತು, ಹದಿನೆಂಟರದು ಬಂತು, ಯಂತ್ರದ ದನಿಯಲ್ಲಿ ಹದಿನೇಳರದೂ ಬಂತು. ಟೀಚರ್ ಬರಲಿಲ್ಲ. ಇಳಿಸಿಕೊಂಡಿಲ್ಲವೇ ಎಂದು ಕೇಳಿದರೆ, ದಿನಾ ಸಿಗುತ್ತಿದ್ದುದನ್ನು ಯಾಕೆ ಇಳಿಸಿಕೊಳ್ಳಲಿ ಎಂದ ಅಂಟಣ್ಣ.

"ವಿಡಿಯೊ ಎಲ್ಲೋ ಇದ್ದೇ ಇರುತ್ತೆ ಅಂಟಣ್ಣ," ಎಂದು ರಿಪೇರಿಯವನು ಸಮಾಧಾನ ಹೇಳಿದ. "ಹುಡುಕಿದರೆ ಸಿಗಲ್ಲ, ಅಷ್ಟೇ."

ಈ ಸಮಾಧಾನ ಅಂಟಣ್ಣನ ಎದೆಗೆ ಒದ್ದ ಹಾಗಾಯಿತು. ಎರಡು ವರ್ಷದಿಂದ ಎಲ್ಲರೂ ಅವಳ ಬಗ್ಗೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು.

ಅಷ್ಟರಲ್ಲಿ ಮಹಡಿಯ ವಕೀಲರಿಗೆ ಸುದ್ದಿ ಮುಟ್ಟಿತು. ಕಕ್ಷಿದಾರರಿಲ್ಲದೆ ಒಣಗಿದ್ದ ಅವರು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದರು. ಮಗ್ಗಿಗೆ ಯಾರೂ ಹಕ್ಕುದಾರರಿಲ್ಲ, ಆದರೆ ಸೇರಿಸಿದ ಮಾತಿಗೂ ರಾಗಕ್ಕೂ ಉಂಟು, ಯಾರೋ ಖದೀಮ ಟೀಚರಮ್ಮನ ಹಾಡನ್ನು ತನ್ನದೆಂದು ಹೇಳಿಕೊಂಡು ದೂರು ಕೊಟ್ಟಿದ್ದಾನೆ, ಮಕ್ಕಳ ಹಾಡು ಮಾರುವ ಕಂಪನಿಯೇ ಇರಬೇಕು ಎಂದು ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟು, ಮೂರು ಪುಟದ ತಕರಾರು ಅರ್ಜಿ ಬರೆದರು. ಅದರಲ್ಲಿ 'ಕಳ್ಳ' ಎಂಬ ಪದ ಏಳು ಸಲ, 'ನಾಚಿಕೆಗೆಟ್ಟ' ಎಂಬುದು ನಾಲ್ಕು ಸಲ ಬಂದಿತ್ತು. ಅಂಟಣ್ಣ ಎಲ್ಲದರ ಕೆಳಗೂ ರುಜು ಹಾಕಿದ.

ಹಾಡು ಅವಳದೇ ಎನ್ನಲು ಸಾಕ್ಷಿ ಬೇಕಿತ್ತು. ಅವಳು ಹಾಡು ಬರೆದಿಟ್ಟ ನೋಟುಪುಸ್ತಕವನ್ನು ಅಕ್ಕನ ನೆನಪಿಗೆಂದು ನಾದಿನಿ ಒಯ್ದಿದ್ದಳು. ಅಂಟಣ್ಣ ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದ. ನಾದಿನಿ ಪುಸ್ತಕ ತೆಗೆದಳು, ಎದೆಗೊತ್ತಿ ಅರ್ಧ ಗಂಟೆ ಅತ್ತಳು, ಹಾಗೇ ಕೊಟ್ಟು ಕಳಿಸಿದರೆ ಭಾವ ಬಸ್ಸಿನಲ್ಲಿ ಮರೆತುಬಿಡುತ್ತಾರೆಂದು ತಾನೂ ಚಪ್ಪಲಿ ಮೆಟ್ಟಿ ಹೊರಟಳು. ಹೀಗೆ ಅಂಟಣ್ಣ, ನಾದಿನಿ, ವಕೀಲರು, ಅಂಗಡಿಗೆ ಬೀಗ ಹಾಕಿಕೊಂಡು ಬಂದ ರಿಪೇರಿಯವನು, ನಾಲ್ವರೂ ಮಧ್ಯಾಹ್ನ ಮೂರಕ್ಕೆ ಅಂತರ್ಜಾಲ ದೂರುಗಳ ಕಚೇರಿಯ ಮೂರನೇ ಮಹಡಿ ಹತ್ತಿದರು. ಲಿಫ್ಟ್ ಕೆಟ್ಟಿತ್ತು.

ಅಲ್ಲಿನ ಅಧಿಕಾರಿ ತಣ್ಣಗಿನ ಹೆಂಗಸು. ಅರ್ಜಿಯನ್ನು ಪೂರ್ತಿ ಓದಿದರು; ಏಳು ಕಳ್ಳರನ್ನೂ ದಾಟುವಾಗ ಅವರ ಹುಬ್ಬು ಏಳು ಸಲ ಮೇಲೆದ್ದಿತು. ನೋಟುಪುಸ್ತಕದಲ್ಲಿ ಮಾತಿದೆ, ರಾಗವಿಲ್ಲ, ವಿಡಿಯೊದಲ್ಲಿರುವುದು ಇದೇ ಹಾಡೆಂದು ಹೇಗೆ ನಂಬುವುದು, ಯಾರಾದರೂ ಹಾಡಿ ಎಂದರು. ನಾದಿನಿಗೆ ಅತ್ತು ಗಂಟಲು ಕಟ್ಟಿತ್ತು. ವಕೀಲರು ತಾವು ವಾದಕ್ಕೆ ಮಾತ್ರ ಎಂದರು.

ಅಂಟಣ್ಣ ಎದ್ದು ನಿಂತು ಕಣ್ಣು ಮುಚ್ಚಿದ. ಎಣ್ಣೆ ಕಾಣದ ಬಾಗಿಲಿನಂಥ ದನಿ. ಆದರೂ ಅವಳು ಎಲ್ಲಿ ಎಳೆಯುತ್ತಿದ್ದಳೋ ಅಲ್ಲಿ ಎಳೆದ, ಎಲ್ಲಿ ಉಸಿರು ಬಿಡುತ್ತಿದ್ದಳೋ ಅಲ್ಲಿ ಬಿಟ್ಟ. ಸರದಿಯಲ್ಲಿದ್ದವರು ಮೊದಲು ನಕ್ಕು, ಆಮೇಲೆ ಕಿವಿಗೊಟ್ಟರು. ಹದಿನೇಳೇಳ್ಲೆ ನೂರ ಹತ್ತೊಂಬತ್ತು. ಒಂದು ಸಣ್ಣ ತಡೆ. ಹದಿನೇಳೆಂಟ್ಲೆ ನೂರ ನಲವತ್ತಾರು.

"ನೂರ ಮೂವತ್ತಾರು," ಎಂದಳು ಮೂಲೆಯಲ್ಲಿ ಕೂತಿದ್ದ ಗುಮಾಸ್ತೆ.

ಅಂಟಣ್ಣ ಕಣ್ಣು ತೆರೆದು, ಹೆಂಡತಿ ಹಾಡಿದ್ದು ಹೀಗೇ, ತಾನು ಎರಡು ವರ್ಷ ದಿನಾ ಕೇಳಿದ್ದೇನೆ ಎಂದ. ಗುಮಾಸ್ತೆ ಕ್ಯಾಲ್ಕುಲೇಟರ್ ಎತ್ತಿ ತೋರಿಸಿದಳು. ವಕೀಲರು ಮೇಜು ಕುಟ್ಟಿದರು. "ತಪ್ಪು ಇರೋದೇ ನಮ್ಮ ಬಲ ಮೇಡಂ. ಸರಿಯಾದ ಮಗ್ಗಿ ಊರಿಗೆಲ್ಲ ಒಂದೇ. ತಪ್ಪಿದ ಮಗ್ಗಿ ನಮ್ಮದೊಬ್ಬರದೇ."

ಅಧಿಕಾರಿ ಕಪಾಟಿನಿಂದ ಒಂದು ಕಡತ ತೆಗೆದರು. ನೋಟುಪುಸ್ತಕದ ಅಕ್ಷರವನ್ನೂ ಕಡತದ ಅಕ್ಷರವನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ದೂರು ಕೊಟ್ಟ ಕಳ್ಳ ಬೇರೆ ಯಾರೂ ಅಲ್ಲ, ನಿಮ್ಮ ಮನೆಯವರೇ," ಎಂದರು.

ದೂರು ಎರಡು ವರ್ಷದ ಹಿಂದಿನದು, ಜ್ವರ ಬರುವುದಕ್ಕೆ ಒಂದು ವಾರ ಮುಂಚಿನದು. ಹಾಡು ಅರ್ಜಿದಾರಳದೇ ಎಂಬುದಕ್ಕೆ ಪುರಾವೆ ಕೇಳಿ ಶಾಲೆಗೆ ಕಳಿಸಿದ ಪತ್ರಗಳಿಗೆ ಉತ್ತರವಿರಲಿಲ್ಲ. ಹಳೆಯ ಕಡತ ಮುಗಿಸುವ ಆದೇಶ ಬಂದದ್ದರಿಂದ ನಿನ್ನೆ ವಿಡಿಯೊವನ್ನು ತಾತ್ಕಾಲಿಕವಾಗಿ ಹುಡುಕಾಟದಿಂದ ತೆಗೆದಿದ್ದರು. ಪುರಾವೆ ಬಾರದಿದ್ದರೆ ಇನ್ನು ಹದಿನೈದು ದಿನಕ್ಕೆ ತಾನಾಗಿಯೇ ವಾಪಸು ಬರುತ್ತಿತ್ತಂತೆ. ಈಗ ಪುರಾವೆಯನ್ನು ಅಂಟಣ್ಣನೇ ಹೊತ್ತು ತಂದಿದ್ದ, ಹಾಡಿಯೂ ತೋರಿಸಿದ್ದ.

ವಕೀಲರಿಗೆ ತಟ್ಟನೆ ಕೋರ್ಟಿನ ಕೆಲಸ ನೆನಪಾಯಿತು. ರಿಪೇರಿಯವನು ಅವರಿಗೆ ದಾರಿ ತೋರಿಸುವವನ ಹಾಗೆ ಹಿಂದೆಯೇ ಹೋದ.

ಅಂಟಣ್ಣ ಕಡತ ಕೈಗೆತ್ತಿಕೊಂಡ. ಕಪ್ಪುಹಲಗೆಯ ಮೇಲೆ ಬರೆದಂತೆ ದುಂಡಾದ ಅದೇ ಅಕ್ಷರ.

'ಈ ಹಾಡು ನನ್ನದು. ಹದಿನೇಳೆಂಟ್ಲೆ ಹೇಳುವ ಹೊತ್ತಿಗೆ, ನಾನು ಮರೆತು ಬಂದ ಕನ್ನಡಕ ಹಿಡಿದು ನಮ್ಮ ಯಜಮಾನರು ತರಗತಿಯ ಬಾಗಿಲಿಗೆ ಬಂದರು. ಓಡಿ ಬಂದಿದ್ದರು, ಅಂಗಿಯನ್ನು ಒಳಮೈ ಹೊರಗಾಗಿ ಹಾಕಿಕೊಂಡಿದ್ದರು. ನಗು ತಡೆಯಲು ಹೋಗಿ ನೂರ ನಲವತ್ತಾರು ಎಂದುಬಿಟ್ಟೆ. ಈಗ ಎಷ್ಟೋ ಮಕ್ಕಳು ಅದನ್ನೇ ಕಲಿಯುತ್ತಿವೆ. ದಯವಿಟ್ಟು ಇದು ಯಾರಿಗೂ ಸಿಗದಂತೆ ಮಾಡಿ. ಯಜಮಾನರಿಗೆ ತಿಳಿಸಬೇಡಿ. ತಮ್ಮಿಂದ ಆಯಿತೆಂದು ನೊಂದುಕೊಳ್ಳುತ್ತಾರೆ.'

ಆ ಸಣ್ಣ ತಡೆಯನ್ನು ಅವನು ಎರಡು ವರ್ಷವೂ ಅವಳು ಉಸಿರು ತೆಗೆದುಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದ. ಆಗ ಅವಳು ಅವನನ್ನು ನೋಡುತ್ತಿದ್ದಳು. ಇದು ತಿಳಿದ ಮೇಲೆ ಇನ್ನೊಂದೇ ಒಂದು ಸಲ ಆ ಹಾಡು ಕೇಳಬೇಕೆಂಬ ಆಸೆ ಅವನಿಗೆ ಹಸಿವಿನ ಹಾಗೆ ಹೊಟ್ಟೆಯಿಂದಲೇ ಎದ್ದಿತು.

ಅಧಿಕಾರಿ ಪೆನ್ನು ಮುಂದಿಟ್ಟರು. ಹೆಂಡತಿಯ ಹಕ್ಕು ಈಗ ಗಂಡನದು, ಇಲ್ಲೊಂದು ರುಜು ಹಾಕಿದರೆ ದೂರು ಹಿಂದಕ್ಕೆ ಹೋಗುತ್ತದೆ, ನಾಳೆ ಬೆಳಿಗ್ಗೆ ಹಾಡು ಮೊದಲಿನಂತೆ ಸಿಗುತ್ತದೆ ಎಂದರು.

ಅಂಟಣ್ಣ ಪೆನ್ನು ತೆಗೆದುಕೊಂಡ. ಕಾಗದದ ಮೇಲೆ ಊರಿದ. 'ಎಷ್ಟೋ ಮಕ್ಕಳು' ಎಂಬುದರ ಕೆಳಗೆ ಅವಳು ಒತ್ತಿ ಗೆರೆ ಎಳೆದಿದ್ದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಎಳೆದ ಗೆರೆಯನ್ನು ಅವನು ಒಮ್ಮೆಯೂ ದಾಟಿದವನಲ್ಲ.

"ಹಾಕಿ ಭಾವ," ಎಂದಳು ನಾದಿನಿ, ಕಟ್ಟಿದ ಗಂಟಲಲ್ಲೇ. "ಯಾಕೆ ಹಾಕಿದ್ರಿ ಅಂತ ಅಕ್ಕ ಈಗ ಬಂದು ಕೇಳ್ತಾಳಾ?"

"ಬಂದು ಕೇಳೋ ಹಾಗಿದ್ರೆ ಹತ್ತು ಸಲ ಹಾಕ್ತಿದ್ದೆ ಕಣಮ್ಮಾ," ಎಂದು ಅಂಟಣ್ಣ ಪೆನ್ನನ್ನು ಹಿಂದಿರುಗಿಸಿದ.