ತೊಟ್ಟಿಲು ವೇದಿಕೆ ಹತ್ತಿದ್ದು

ನಮ್ಮಣ್ಣ ಶಿವಪುತ್ರ ತಾನು ಮಾಡಿದ ಹೊಸ ಯಂತ್ರವನ್ನು ನಾಲ್ಕು ಜನರಿಗೆ ತೋರಿಸುವ ಮೊದಲು ಗಂಟಲು ಸರಿಮಾಡಿಕೊಂಡು ಅಂಗಿಯ ತೋಳು ಮಡಚುತ್ತಾನೆ. ಅವನು ತೋಳು ಮಡಚಿದ ಕೂಡಲೇ ನಾನು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ. ಅವತ್ತೂ ಹಾಗೇ ಮಾಡಿದೆ. ಆದರೆ ಕೈಗೆ ಸಿಕ್ಕಿದ್ದು ಹಿರಿಮಗಳು, ನಾಲ್ಕು ವರ್ಷದ ಅವನಿ ಮಾತ್ರ. ಹತ್ತು ತಿಂಗಳ ಮುಕ್ತಾ ಆಗಲೇ ಆ ಯಂತ್ರದೊಳಗೆ ಮಲಗಿ ಕಾಲಿನ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಿದ್ದಳು.

ನಾವು ಇದ್ದದ್ದು ಹುಬ್ಬಳ್ಳಿಯಿಂದ ಒಂದಿಷ್ಟು ದೂರದ ಬಯಲಿನಲ್ಲಿ. ಅಲ್ಲಿ ಎರಡು ದಿನದ ಸಂಗೀತ ಮೇಳ. ಕೇಳಲು ಬಂದವರೆಲ್ಲ ಅಲ್ಲೇ ಡೇರೆ ಹಾಕಿಕೊಂಡು ಉಳಿಯಬೇಕು, ಮಕ್ಕಳಿದ್ದವರಿಗೆ ಒಂದು ದಿಬ್ಬದ ಮೇಲೆ ಬೇರೆ ಸಾಲು. ನಮ್ಮವರು, ಅಂದರೆ ನನ್ನ ಗಂಡ ಬಸವಂತ, ಗಿಟಾರು ಡ್ರಮ್ಮು ಕಟ್ಟಿಕೊಂಡು ತತ್ವಪದ ಹಾಡುವವರು. ಇಷ್ಟು ದೊಡ್ಡ ವೇದಿಕೆ ಅವರಿಗೆ ಇದೇ ಮೊದಲು. ಕೂಸನ್ನೂ ಕರೆದುಕೊಂಡು ಬಾ, ಹಾಡು ಕೇಳುತ್ತಾ ಬೆಳೆಯಲಿ ಎಂದು ಹಟ ಹಿಡಿದರು. ನಾನು ಹಾವು, ಚಳಿ, ಧೂಳು, ಸೊಳ್ಳೆ, ಸ್ಪೀಕರಿನ ಸದ್ದು, ಜನರ ನೂಕುನುಗ್ಗಲು ಎಂದು ಒಂದೊಂದಾಗಿ ಹೇಳಿದೆ. ಅವರು ಒಂದೊಂದಕ್ಕೂ ನಕ್ಕರು. ನಾನು ಹೆದರುವ ಸ್ವಭಾವದವಳು, ಇಲ್ಲವೆನ್ನುವುದಿಲ್ಲ. ಕೂಸು ಸೀನಿದರೆ ನನಗೆ ಆಸ್ಪತ್ರೆಯ ಬಾಗಿಲು ಕಾಣುತ್ತದೆ. ಅಂಥವಳನ್ನು ಒಪ್ಪಿಸಿದ್ದು ಅಣ್ಣನ ಈ ಯಂತ್ರ.

ಅದರ ಹೆಸರು ತಾಯಿಕೈ. ಕೆಳಗೆ ಬೇಕಾದಷ್ಟು ಉದ್ದವಾಗುವ ನಾಲ್ಕು ಕಾಲು, ಮೇಲೆ ತೊಟ್ಟಿಲು, ಎರಡು ಬದಿಗೆ ರಬ್ಬರ್ ಬೆರಳಿನ ಕೈಗಳು, ತಲೆಯ ಜಾಗದಲ್ಲಿ ಎಣ್ಣೆ ಸುರಿಯುವ ಲಾಳಿಕೆಯಂಥ ಎರಡು ಕಿವಿ. ತೊಟ್ಟಿಲು ಎಮ್ಮೆಕರು ಮಲಗುವಷ್ಟು ದೊಡ್ಡದಿತ್ತು. ಯಾಕಿಷ್ಟು ದೊಡ್ಡದು ಎಂದರೆ, ಕೂಸು ಬೆಳೆಯುವುದಿಲ್ಲವೇ ಎಂದು ನನ್ನನ್ನೇ ಕೇಳಿದ.

ಯಂತ್ರಕ್ಕೆ ಬುದ್ಧಿ ಬಂದದ್ದು ಅವ್ವನಿಂದ. ಅಣ್ಣ ತಿಂಗಳುಗಟ್ಟಲೆ ಅವ್ವನ ಮುಂದೆ ಕುಳಿತು, ಕೂಸು ಅತ್ತರೆ ಏನು ಮಾಡುತ್ತೀ ಎಂದು ಕೇಳಿ ಕೇಳಿ ಯಂತ್ರಕ್ಕೆ ಕಲಿಸಿದ್ದ. ಮೊದಲು ಹಾಲು. ಆಗಲಿಲ್ಲವೆಂದರೆ ಒದ್ದೆ ಬಟ್ಟೆ ಬದಲಿಸುವುದು. ಆಮೇಲೆ ಬೆನ್ನು ತಟ್ಟಿ ತೇಗಿಸುವುದು, ಅಜವಾನದ ನೀರು, ತೂಗಿ ಜೋಗುಳ. ಇಷ್ಟಕ್ಕೂ ಅಳು ನಿಲ್ಲಲಿಲ್ಲವೆಂದರೆ ದೃಷ್ಟಿಯಾಗಿದೆ ಎಂದೇ ಅರ್ಥ. ಉಪ್ಪು, ಒಣ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಬೇಕು. ಘಾಟು ಬರದಿದ್ದರೆ ದೃಷ್ಟಿ ಇತ್ತು, ಹೋಯಿತು. ಘಾಟು ಬಂದು ಕೆಮ್ಮು ಹತ್ತಿದರೆ ದೃಷ್ಟಿ ಅಲ್ಲವೇ ಅಲ್ಲ, ಮತ್ತೆ ಹಾಲಿನಿಂದ ಶುರುಮಾಡಬೇಕು. ಇದಕ್ಕಾಗಿ ಯಂತ್ರದ ಹೊಟ್ಟೆಯಲ್ಲಿ ಒಂದು ಸಣ್ಣ ಅಗ್ಗಿಷ್ಟಿಕೆಯನ್ನೂ ಅಣ್ಣ ಕೂರಿಸಿದ್ದ.

ಇನ್ನೊಂದು ಪಾಠವೂ ಇತ್ತು. ಎರಡು ಕೂಸು ಇದ್ದಾಗ ಅಳುವುದನ್ನು ಎತ್ತಿಕೊಳ್ಳಬೇಕು, ಸುಮ್ಮನಿರುವುದನ್ನು ಹತ್ತಿರ ಇದ್ದವರ ಕೈಗೆ ಕೊಡಬೇಕು. ನಮ್ಮ ಓಣಿಯಲ್ಲಿ ಮಕ್ಕಳು ಬೆಳೆಯುವುದೇ ಹಾಗೆ. ರೊಟ್ಟಿ ಬಡಿಯುವಾಗ ಕೂಸು ಎದುರು ಮನೆಗೆ ಹೋಗುತ್ತದೆ, ಎದುರು ಮನೆಯವರಿಗೆ ಕೆಲಸ ಬಂದರೆ ಅಲ್ಲಿಂದ ಮುಂದಿನ ಮನೆಗೆ. ಸಂಜೆ ಯಾರದೋ ಕಂಕುಳಲ್ಲಿ ವಾಪಸು ಬರುತ್ತದೆ.

ನಾನು ಯಂತ್ರದ ಸುತ್ತ ತಿರುಗಿ ನೋಡಿದೆ. ಬಂದ್ ಮಾಡುವ ಬಟನ್ ಎಲ್ಲೂ ಕಾಣಲಿಲ್ಲ. ಎಲ್ಲಿ ಎಂದು ಕೇಳಿದರೆ ಅಣ್ಣ ನನ್ನನ್ನೇ ದಡ್ಡಿಯನ್ನು ನೋಡುವಂತೆ ನೋಡಿದ.

"ಅವ್ವಗ ಎಲ್ಲೈತಿ ತಂಗಿ ಬಟನ್ನು? ಅಳು ನಿಂತರ ತಾನೂ ನಿಲ್ತೈತಿ."

ಪ್ರದರ್ಶನ ಚೆನ್ನಾಗಿಯೇ ಆಯಿತು. ಪಕ್ಕದ ಡೇರೆಯ ಕೂಸೊಂದು ಬಿದ್ದು ಅಳುತ್ತಿತ್ತು. ತಾಯಿಕೈ ಮುಕ್ತಾಳನ್ನು ನನ್ನ ಕೈಗೆ ಕೊಟ್ಟು ಅದನ್ನು ಎತ್ತಿಕೊಂಡಿತು, ಹಾಲು ಕುಡಿಸಿತು, ಬೆನ್ನು ತಟ್ಟಿತು, ಅವ್ವನದೇ ದನಿಯಲ್ಲಿ ಜೋಗುಳ ಹಾಡಿತು. ಕೂಸು ಕಣ್ಣು ಮುಚ್ಚಿತು. ಸುತ್ತ ನಿಂತ ತಾಯಂದಿರೆಲ್ಲ ಅಣ್ಣನನ್ನು ದೇವರ ಹಾಗೆ ನೋಡಿದರು. ಅವನು ಇನ್ನೊಂದು ತೋಳನ್ನೂ ಮಡಚಿದ. ನನಗೂ ಎದೆಯ ಭಾರ ಸ್ವಲ್ಪ ಇಳಿಯಿತು.

ಸಂಜೆ ಯಾರೋ ಶಹನಾಯಿ ನುಡಿಸುತ್ತಿದ್ದಾಗ ಯಂತ್ರದ ಎರಡೂ ಕಿವಿಗಳು ವೇದಿಕೆಯ ಕಡೆ ಹೊರಳಿದವು. ಒಂದು ಕಾಲು ಎತ್ತಿ ಮತ್ತೆ ಇಳಿಸಿತು. ನಾನು ತೋರಿಸಿದೆ. ಹೊಸ ಜಾಗ, ಹೊಂದಿಕೊಳ್ಳುತ್ತಿದೆ ಎಂದು ಅಣ್ಣ ಅಂದ. ಹೊಂದಿಕೊಳ್ಳುವುದಕ್ಕೆ ಅದೇನು ಹೊಸ ಸೊಸೆಯೇ ಎಂದು ನಾನು ಸಿಡುಕಿದೆ. ಇಬ್ಬರೂ ಅಷ್ಟಕ್ಕೇ ಬಿಟ್ಟೆವು. ಬಿಡಬಾರದಿತ್ತು.

ನಮ್ಮವರ ಸರದಿ ಬಂತು. ಡ್ರಮ್ಮಿನ ಸದ್ದಿಗೆ ಮಂಡಿ ನೋಯುತ್ತದೆ ಎಂದು ಅವ್ವ ಡೇರೆಯಲ್ಲೇ ಉಳಿದಳು. ನಾನು, ಅಣ್ಣ, ಅವನಿ ಜನರ ಹಿಂದೆ ದೂರದಲ್ಲೇ ನಿಂತೆವು. ಮುಕ್ತಾಳ ಕಿವಿಗೆ ದಪ್ಪ ಕಿವಿಮುಚ್ಚಿಗೆ ಕಟ್ಟಿ, ಅದರ ಮೇಲೆ ಟೊಪ್ಪಿಗೆ ಹಾಕಿ, ತೊಟ್ಟಿಲಲ್ಲಿ ಮಲಗಿಸಿ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮತ್ತೆ ಮತ್ತೆ ಬಗ್ಗಿ ನೋಡಿದೆ.

ಬೆಳಕು ಹತ್ತಿತು. ನಮ್ಮವರು ಕಣ್ಣು ಮುಚ್ಚಿ, ಒಂದು ಕೈ ಕಿವಿಗಿಟ್ಟು, ಮೇಲಿನ ಸ್ವರ ಹಿಡಿದು ಎಳೆದರು. ಮನೆಯಲ್ಲಿ ಬಚ್ಚಲಿನಲ್ಲಿ ಎಳೆದರೇ ಎದುರು ಮನೆಯವರು ಹೊರಗೆ ಬರುತ್ತಾರೆ. ಇಲ್ಲಿ ಮನೆಯೆತ್ತರದ ಸ್ಪೀಕರುಗಳು. ಬಯಲು ಪೂರ್ತಿ ನಡುಗಿತು, ಜನ ಹೋ ಎಂದರು. ತಾಯಿಕೈ ನೆಟ್ಟಗೆ ನಿಂತಿತು. ಇಷ್ಟು ದೊಡ್ಡ ಅಳು ಅದು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇಷ್ಟು ಅಳಬೇಕಾದರೆ ಆ ಕೂಸಿಗೆ ಎಂಥ ಸಂಕಟ ಇರಬೇಕು ಎಂದು ಅದಕ್ಕೆ ಅನ್ನಿಸಿತೋ ಏನೋ, ನನ್ನ ಮಗಳನ್ನು ಹೊತ್ತುಕೊಂಡೇ ಓಡಿತು.

ಅದು ನಡೆಯುತ್ತದೆ ಎಂದು ಗೊತ್ತಿತ್ತು, ಓಡುತ್ತದೆ ಎಂದು ಗೊತ್ತಿರಲಿಲ್ಲ. ಅಣ್ಣನಿಗೂ ಗೊತ್ತಿರಲಿಲ್ಲ, ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಅವನಿಯನ್ನು ಸೊಂಟಕ್ಕೇರಿಸಿಕೊಂಡು ಹಿಂದೆ ಓಡಿದೆ. ಜನರೋ, ಇದೂ ಕಾರ್ಯಕ್ರಮದ ಭಾಗ ಎಂದು ತಿಳಿದು ಯಂತ್ರಕ್ಕೆ ದಾರಿ ಬಿಟ್ಟರು, ನನಗೆ ಬಿಡಲಿಲ್ಲ. ಮುಂದೆ ತೊಟ್ಟಿಲು ಜನರ ತಲೆಗಳ ಮೇಲೆ ಓಲಾಡುತ್ತಾ ಹೋಗುತ್ತಿತ್ತು. ಪ್ರತಿ ಓಲಾಟಕ್ಕೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅವನಿ ಮಾತ್ರ ಇನ್ನೂ ಜೋರಾಗಿ ಓಡು ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದಳು.

ನಾನು ವೇದಿಕೆಯ ಬುಡಕ್ಕೆ ಬರುವಷ್ಟರಲ್ಲಿ ತಾಯಿಕೈ ಮೇಲೆ ಹತ್ತಿತ್ತು. ತೊಟ್ಟಿಲು ಖಾಲಿ.

ಹೌದು, ಖಾಲಿ. ಅವ್ವ ಕಲಿಸಿದ್ದನ್ನು ಅದು ತಪ್ಪದೆ ಮಾಡಿತ್ತು. ಸುಮ್ಮನಿದ್ದ ಕೂಸನ್ನು ಹತ್ತಿರ ಇದ್ದವರ ಕೈಗೆ ಕೊಟ್ಟಿತ್ತು. ಹತ್ತಿರ ಇದ್ದವರು ಎಂದರೆ ಆ ಬಯಲಿನಲ್ಲಿ ಸಾವಿರಾರು ಜನ.

ಮೇಲೆ ನಮ್ಮವರು ಕಣ್ಣು ಮುಚ್ಚಿಕೊಂಡೇ ಹಾಡುತ್ತಿದ್ದರು. ಬಾಯಿಗೆ ಹಾಲಿನ ಬಾಟಲಿ ಬಂತು. ಉಗುಳಿ ಹಾಡು ಮುಂದುವರಿಸಿದರು. ಯಂತ್ರ ಅವರ ಧೋತರದ ಮೇಲೆಯೇ ಒಂದು ಲಂಗೋಟಿ ಕಟ್ಟಿತು, ಹೆಗಲಿಗೆ ಒರಗಿಸಿಕೊಂಡು ಬೆನ್ನು ತಟ್ಟಿತು. ಅವರು ಮೈಕಿನಲ್ಲಿ ತೇಗಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅವತ್ತು ನನಗೆ ಗಂಡ ಇದ್ದಾನೆ ಎಂಬುದೇ ಮರೆತಿತ್ತು. ಮುಂದಿನ ಸಾಲಿನಲ್ಲಿ ಒಬ್ಬೊಬ್ಬರನ್ನೂ ಹಿಡಿದು ಕೂಸೆಲ್ಲಿ ಎಂದು ಕೇಳುತ್ತಿದ್ದೆ. ಹಸಿರು ಸೀರೆಯ ಒಬ್ಬಾಕೆ ತನ್ನ ಕೈಗೇ ಬಂದಿತ್ತು ಎಂದು ಸಂತೋಷದಿಂದ ಒಪ್ಪಿಕೊಂಡಳು.

"ಭಾಳ ಚಲೋ ಕೂಸರೀ. ಫೋಟೋ ತಗೋಬೇಕಂತ ಇವರ ಕೈಯಾಗ ಕೊಟ್ಟೆ."

ಇವರು ಮುದ್ದಾಡಿ ಹಿಂದಿನವರಿಗೆ ಕೊಟ್ಟಿದ್ದರು. ಹಿಂದಿನವರು ಅವರ ನಾದಿನಿಗೆ. ನಾದಿನಿ ಇನ್ಯಾರಿಗೋ. ಎಲ್ಲರೂ ಮುಕ್ತಾಳ ಕೆನ್ನೆಯನ್ನು ಹೊಗಳಿದರು, ಮುಂದೆ ಯಾರ ಕೈಗೆ ಹೋದಳು ಎಂಬುದು ಮಾತ್ರ ಒಬ್ಬರಿಗೂ ನೆನಪಿರಲಿಲ್ಲ. ಅಣ್ಣ ಏದುಸಿರು ಬಿಡುತ್ತಾ ಬಂದು, ಯಂತ್ರ ತಪ್ಪೇನೂ ಮಾಡುತ್ತಿಲ್ಲ, ಕಲಿಸಿದ್ದನ್ನೇ ಮಾಡುತ್ತಿದೆ ಎಂದ. ಆ ಮಾತಿಗೆ ಅವನ ಕೈಯಲ್ಲಿ ಅವನಿಯನ್ನು ಕೊಟ್ಟೆ, ಇಲ್ಲದಿದ್ದರೆ ಬೇರೆ ಏನಾದರೂ ಕೊಟ್ಟುಬಿಡುತ್ತಿದ್ದೆ.

ಅಷ್ಟರಲ್ಲಿ ಮೇಲೆ ಅಜವಾನದ ನೀರೂ ಮುಗಿದು, ಜೋಗುಳವೂ ಮುಗಿದು, ನಮ್ಮವರು ಇನ್ನೂ ಹಾಡುತ್ತಲೇ ಇದ್ದರು. ಹಟದಲ್ಲಿ ಅವರೇನು ಕಡಿಮೆಯೇ! ತಾಯಿಕೈ ದೃಷ್ಟಿ ತೆಗೆಯಲು ಹೊರಟಿತು. ಕೂಸು ದೊಡ್ಡದು, ಹಾಗಾಗಿ ದೃಷ್ಟಿಯೂ ದೊಡ್ಡದಿರಬೇಕೆಂದು ಇದ್ದಬದ್ದ ಮೆಣಸಿನಕಾಯಿಯನ್ನೆಲ್ಲ ನಿವಾಳಿಸಿ ಕೆಂಡಕ್ಕೆ ಸುರಿಯಿತು. ವೇದಿಕೆಯ ಹೊಗೆ ಊದುವ ಪಂಖ ಪಕ್ಕದಲ್ಲೇ ತಿರುಗುತ್ತಿತ್ತು. ಘಾಟು ಮೊದಲು ಡ್ರಮ್ಮಿನವನಿಗೆ ಹತ್ತಿತು, ಆಮೇಲೆ ಮುಂದಿನ ಸಾಲಿಗೆ, ಆಮೇಲೆ ಅರ್ಧ ಬಯಲಿಗೆ. ಜನ ಸೆರಗು, ಟವೆಲು ಮೂಗಿಗೆ ಹಿಡಿದು ಕೆಮ್ಮಿದರು, ಸೀನಿದರು, ಕಣ್ಣೀರು ಸುರಿಸಿದರು. ಕೆಮ್ಮು ಬಂತಲ್ಲ, ಹಾಗಾದರೆ ದೃಷ್ಟಿ ಅಲ್ಲ ಎಂದು ತೀರ್ಮಾನಿಸಿ ಯಂತ್ರ ಮತ್ತೆ ಹಾಲಿನ ಬಾಟಲಿ ತೆಗೆಯಿತು.

ನನಗೆ ಹೊಳೆದದ್ದು ಒಂದೇ. ಈ ಘಾಟಿನಲ್ಲಿ ನನ್ನ ಕೂಸು ಎಲ್ಲಿ ಕೆಮ್ಮುತ್ತಿದೆಯೋ. ಹೇಗೆ ವೇದಿಕೆ ಹತ್ತಿದೆನೋ ಗೊತ್ತಿಲ್ಲ. ನಮ್ಮವರ ಕೈಯಿಂದ ಮೈಕು ಕಿತ್ತುಕೊಂಡೆ. ನಾನು ಶಾಲೆಯಲ್ಲಿ ಪ್ರಾರ್ಥನೆಗೂ ಮುಂದೆ ನಿಂತವಳಲ್ಲ.

"ನನ್ನ ಕೂಸು ಯಾರ ಕೈಯಾಗೈತ್ರಿ? ಹತ್ತು ತಿಂಗಳದ್ದೈತಿ. ದಯವಿಟ್ಟು ಕೊಡ್ರಿ."

ಅಳು ಬಂತು. ಸಣ್ಣ ಅಳುವಲ್ಲ, ಹತ್ತು ತಿಂಗಳು ಒಳಗೇ ಇಟ್ಟುಕೊಂಡಿದ್ದ ಹೆದರಿಕೆಯೆಲ್ಲ ಒಟ್ಟಿಗೆ ಹೊರಬಿದ್ದ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಮನೆಯೆತ್ತರದ ಸ್ಪೀಕರುಗಳು ಅದನ್ನು ಬಯಲಿಗೆಲ್ಲ ಕೇಳಿಸಿದವು.

ತಾಯಿಕೈ ಬಾಟಲಿ ಹಿಡಿದಲ್ಲೇ ನಿಂತಿತು. ಎರಡೂ ಕಿವಿ ನನ್ನ ಕಡೆ ತಿರುಗಿದವು. ನಮ್ಮವರನ್ನು ಡ್ರಮ್ಮಿನವನ ಮಡಿಲಿಗೆ ಕೊಟ್ಟು ನನ್ನ ಕಡೆ ಬಂತು. ನಾನು ಕೊಸರಾಡಿದೆ, ಒದ್ದೆ, ಬೈದೆ. ಅದು ಕಂಕುಳಿಗೆ ಕೈ ಹಾಕಿ ಎತ್ತಿ ತೊಟ್ಟಿಲಿಗೆ ಹಾಕಿತು, ಕಾಲುಗಳನ್ನು ಉದ್ದ ಮಾಡಿಕೊಂಡಿತು, ತೂಗತೊಡಗಿತು.

ಅಷ್ಟು ಎತ್ತರದಿಂದ ಘಾಟಿನ ಮಬ್ಬಿನ ಆಚೆ ದಿಬ್ಬದ ಮೇಲಿನ ಡೇರೆಗಳ ಸಾಲು ಕಾಣಿಸಿತು. ನಮ್ಮ ಡೇರೆಯ ಮುಂದೆ ದೀಪ ಇತ್ತು. ಅವ್ವ ಕಾಲು ನೀಡಿ ಕುಳಿತಿದ್ದಳು. ಕಾಲ ಮೇಲೆ ಏನನ್ನೋ ಮಲಗಿಸಿಕೊಂಡು ಎಡಕ್ಕೆ ಬಲಕ್ಕೆ ಆಡಿಸುತ್ತಿದ್ದಳು. ಅವ್ವ ಹಾಗೆ ಆಡಿಸುವುದು ಕೂಸನ್ನು ಮಾತ್ರ.

ಆಮೇಲೆ ತಿಳಿದದ್ದು ಇಷ್ಟು. ಕೈಯಿಂದ ಕೈಗೆ ಹೋಗುತ್ತಾ ಮುಕ್ತಾ ಘಾಟು ಏಳುವ ಮೊದಲೇ ಕೊನೆಯ ಸಾಲು ದಾಟಿದ್ದಳು. ಅಲ್ಲಿದ್ದ ಯಾರೋ ಪುಣ್ಯಾತ್ಗಿತ್ತಿ, ಕೂಸು ಅಂದಮೇಲೆ ಮಕ್ಕಳ ಡೇರೆಗಳದ್ದೇ ಇರಬೇಕು ಎಂದು ದಿಬ್ಬದ ಮೇಲೆ ತಂದು ಯಾರದೆಂದು ಕೇಳಿದ್ದಳು. ಅವ್ವ ನಾನೇ ಕಳಿಸಿದ್ದೇನೆ ಎಂದು ತಿಳಿದು ತೆಗೆದುಕೊಂಡಿದ್ದಳು. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಿಸಿರಲಿಲ್ಲ.

ಕೂಸು ಕಂಡ ಮೇಲೆ ನನ್ನ ಅಳು ನಿಲ್ಲಬೇಕಿತ್ತು. ಹೆಚ್ಚಾಯಿತು. ಯಂತ್ರ ಅಜವಾನದ ನೀರಿಗೆ ಹುಡುಕಿತು, ಸಿಗಲಿಲ್ಲ, ಜೋಗುಳ ಶುರುಮಾಡಿತು. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಅವ್ವನ ದನಿ ಬಯಲಿಗೆಲ್ಲ ಹರಡಿತು. ಕೆಮ್ಮುತ್ತಿದ್ದವರು ಒಬ್ಬೊಬ್ಬರೇ ಕುಳಿತರು. ಸ್ವಲ್ಪ ಹೊತ್ತಿಗೆ ದಿಬ್ಬದಿಂದ ನಿಜವಾದ ಅವ್ವ ಮುಕ್ತಾಳನ್ನು ಎತ್ತಿಕೊಂಡು ಮಂಡಿ ಹಿಡಿದುಕೊಂಡು ಬಂದಳು, ಕೂಸನ್ನು ಮೇಲೆ ಕೊಡಿಸಿದಳು. ಮುಕ್ತಾ ನನ್ನ ಕುತ್ತಿಗೆಗೆ ಬಿದ್ದಳು. ಮೈಯೆಲ್ಲ ಯಾರ ಯಾರದೋ ಪೌಡರಿನ ವಾಸನೆ. ಅವಳು ಕೆಮ್ಮಲೂ ಇಲ್ಲ, ಅಳಲೂ ಇಲ್ಲ.

ಅಣ್ಣ ಸ್ಪ್ಯಾನರ್ ಹಿಡಿದು ಯಂತ್ರದ ಹೊಟ್ಟೆ ಬಿಚ್ಚಲು ಬಂದ. ಬ್ಯಾಟರಿ ಕಿತ್ತು ನನ್ನನ್ನು ಇಳಿಸುವುದು ಅವನ ಯೋಚನೆ. ಅವ್ವ ಅವನ ಕೈ ಹಿಡಿದಳು.

"ಇರಲಿ ಬಿಡೊ. ಅದು ನನ್ನ ಕೂಸು. ಒಂದೀಟು ಮಲಗಲಿ."

ಮುಕ್ತಾ ಹುಟ್ಟಿದಾಗಿನಿಂದ ನಾನು ಒಂದು ರಾತ್ರಿಯೂ ಪೂರ್ತಿ ಮಲಗಿರಲಿಲ್ಲ. ಅದು ಅವ್ವನಿಗೆ ಹೇಳದೆಯೂ ಗೊತ್ತಿತ್ತು. ನಾನು ಅಲ್ಲೇ, ವೇದಿಕೆಯ ನಡುವೆ, ಅಷ್ಟು ಜನರ ಎದುರು, ಮಗಳನ್ನು ಎದೆಯ ಮೇಲೆ ಹಾಕಿಕೊಂಡು ನಿದ್ದೆ ಹೋದೆ. ಮುಂದಿನ ತಂಡದವರು ಬಂದರಂತೆ. ತಾಯಿಕೈ ಅವರ ಡ್ರಮ್ಮಿಗೆ ದುಪ್ಪಟಿ ಹೊದಿಸಿ ತಟ್ಟಿತಂತೆ. ಜೋಗುಳ ಕೇಳುತ್ತಾ ಬಯಲು ಪೂರ್ತಿ ಕುಳಿತಲ್ಲೇ ಒರಗಿತಂತೆ. ನಮ್ಮವರು ಲಂಗೋಟಿ ಬಿಚ್ಚುವುದನ್ನೂ ಮರೆತು ಸ್ಪೀಕರಿಗೆ ತಲೆಯಿಟ್ಟು ಮಲಗಿದ ಚಿತ್ರ ಮರುದಿನ ಎಲ್ಲರ ಫೋನಿನಲ್ಲಿತ್ತು. ಅವರು ಇನ್ನೂ ಅಣ್ಣನ ಜೊತೆ ಮಾತಾಡುತ್ತಿಲ್ಲ.

ಅಣ್ಣನಿಗೆ ಅದರ ಚಿಂತೆಯಿಲ್ಲ. ತಾಯಿಕೈ ಬೇಕೆಂದು ಅವನಿಗೆ ಈಗ ಎಲ್ಲೆಲ್ಲಿಂದಲೋ ಫೋನುಗಳು ಬರುತ್ತಿವೆ. ಕೂಸಿಗೆ ಎಷ್ಟು ತಿಂಗಳು ಎಂದು ಇವನು ಕೇಳುತ್ತಾನೆ. ಆ ಕಡೆಯ ಹೆಂಗಸರು ದನಿ ತಗ್ಗಿಸಿ, ಮಲಗುವವಳು ನಾನೇ, ಮೂವತ್ತೈದು ವರ್ಷ ಎನ್ನುತ್ತಾರಂತೆ.